ಮಗುವಿನ ಮುಂದೆ ಮೊಬೈಲ್ ಹಿಡಿಯುವ ಮೊದಲು

ತುಮಕೂರಿನಲ್ಲಿ ನನ್ನ ತಂಗಿಯ ವಿಚ್ಛೇದನ ಮತ್ತು ಮಗಳ ಸುಪರ್ದಿಯ ಪ್ರಕರಣ ನಡೆಯುತ್ತಿದ್ದಾಗ, ಭಾನುವಾರ ತಂದೆಯ ಮನೆಗೆ ಹೋಗಿ ಬಂದಿದ್ದ ಆರು ವರ್ಷದ ಮಗು ರಾತ್ರಿ ಸ್ನಾನದ ಹೊತ್ತಿನಲ್ಲಿ ಅಮ್ಮನಿಗೆ ಹೇಳಿದ ಒಂದು ಮಾತು ನಮ್ಮೆಲ್ಲರ ನಿದ್ದೆ ಕೆಡಿಸಿತು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದು ಕಿವಿಗೆ ಬಿದ್ದ ಮೇಲೆ ನಾನು ಮಾಡಿದ ತಪ್ಪು ಇನ್ನೊಂದು ಮನೆಯಲ್ಲಿ ನಡೆಯದಿರಲಿ ಎಂದಷ್ಟೇ ಬರೆಯುತ್ತಿದ್ದೇನೆ.

ಪರಿಚಯದ ವಕೀಲರೊಬ್ಬರು, ಬಾಯಿಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ವಿಡಿಯೊ ಮಾಡಿಟ್ಟುಕೊಳ್ಳಿ ಎಂದರು. ಮೂರು ದಿನದಲ್ಲಿ ಏಳು ವಿಡಿಯೊ ಮಾಡಿದೆ. ಮೊದಲನೆಯದರಲ್ಲಿ ಮಗು ಏನೂ ಹೇಳದೆ, ನಾನು ಕ್ಯಾತ್ಸಂದ್ರದಿಂದ ತಂದಿದ್ದ ತಟ್ಟೆ ಇಡ್ಲಿಯನ್ನು ಚೂರು ಚೂರು ಮಾಡುತ್ತಾ ಕುಳಿತಿದೆ. "ಅಪ್ಪ ಹೀಗೆ ಮಾಡಿದ್ರು ಅಲ್ವಾ ಪುಟ್ಟಿ?" ಎಂದು ಕೇಳುತ್ತಿರುವ ದನಿ ನನ್ನದು. ಏಳನೆಯದರಲ್ಲಿ ಅವಳು ಎಲ್ಲವನ್ನೂ ಸರಾಗವಾಗಿ ಒಪ್ಪಿಸಿ, ಮೊಬೈಲಿನತ್ತ ನೋಡಿ, "ಮಾಮ, ಈಗ ಸರಿಯಾಗ್ ಹೇಳಿದ್ನಾ?" ಎನ್ನುತ್ತಾಳೆ.

ಎದುರು ಪಕ್ಷದವರಿಗೆ ಅಷ್ಟೇ ಸಾಕಾಯಿತು. ಇದು ಹೇಳಿಕೊಟ್ಟ ಮಾತು ಎಂದು ಅವರು ವಾದಿಸಿದಾಗ ದೂರಲು ನನಗೆ ಬಾಯಿರಲಿಲ್ಲ. ಅವಳು ತಾನಾಗಿ ಹೇಳಿದ್ದು ಎಷ್ಟು, ನಾನು ಬಾಯಿಗೆ ತುರುಕಿದ್ದು ಎಷ್ಟು ಎಂಬುದನ್ನು ಬೇರ್ಪಡಿಸಲು ಆಮೇಲೆ ನೋಡಿದ ಆಪ್ತಸಮಾಲೋಚಕರಿಗೂ ಆಗಲಿಲ್ಲ. ಮಗುವಿಗೆ ಅನ್ಯಾಯವಾಗಿದ್ದು ನಿಜವಾದರೆ ಅದನ್ನು ಮುಚ್ಚಿಹಾಕಲು ನಾನೇ ನೆರವಾದೆ. ಸುಳ್ಳಾಗಿದ್ದರೆ ಆ ತಂದೆಗೆ ಏನೆಂದು ಉತ್ತರ ಕೊಡಲಿ?

ನಾವು ಮಾಡಬೇಕಾಗಿದ್ದುದು ಬಹಳ ಕಡಿಮೆ. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ, ದಿನ ಮತ್ತು ಹೊತ್ತು ಸಹಿತ ಬರೆದಿಟ್ಟು, ಮತ್ತೆ ಕೆದಕದೆ ದೂರು ಕೊಟ್ಟಿದ್ದರೆ ಸಾಕಿತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪೊಲೀಸರಿಗೆ ತಿಳಿಸಿ ಎನ್ನುತ್ತದೆಯೇ ಹೊರತು ಮನೆಯವರೇ ತನಿಖೆ ನಡೆಸಿ ಎನ್ನುವುದಿಲ್ಲ. ಸದುದ್ದೇಶದಿಂದ ತಿಳಿಸಿದವರಿಗೆ ಅದೇ ಸೆಕ್ಷನ್ನಿನಲ್ಲಿ ರಕ್ಷಣೆಯಿದೆ, ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ 22ನೇ ಸೆಕ್ಷನ್ನಿನಲ್ಲಿ ಶಿಕ್ಷೆಯೂ ಇದೆ. ಠಾಣೆಯ ಮೆಟ್ಟಿಲು ಹತ್ತಿಸಿದರೆ ಮಗು ಬೆದರುತ್ತದೆ ಎಂದು ನಾವು ಹಿಂಜರಿದಿದ್ದೆವು. ಆದರೆ 24ನೇ ಸೆಕ್ಷನ್ನಿನ ಪ್ರಕಾರ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಇಲ್ಲವೇ ಅದು ಬಯಸಿದ ಕಡೆ, ಸಮವಸ್ತ್ರ ಧರಿಸದ ಅಧಿಕಾರಿ, ಆದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಪಡೆಯಬೇಕು. ದಿಕ್ಕು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಈಗ ತಂದೆ ಮಗಳ ಭೇಟಿ ನ್ಯಾಯಾಲಯದ ಆವರಣದಲ್ಲಿ, ಮೂರನೆಯವರ ಎದುರಿನಲ್ಲಿ ನಡೆಯುತ್ತಿದೆ. ಆ ವ್ಯವಸ್ಥೆಗಾಗಿ ಮೊದಲ ವಾರವೇ ಒಂದು ಅರ್ಜಿ ಹಾಕಬಹುದಿತ್ತು.