ಬಿದಿರು ಗಳ, ಹಳೇ ಸೀರೆಯ ಆಟದ ಟೆಂಟ್: ಮೂರು ವರ್ಷ ಬಳಸಿದ ಮೇಲೆ

ಮನೆಯಲ್ಲೇ ಕಟ್ಟಿದ ನಮ್ಮ ಮಕ್ಕಳ ಟೆಂಟಿಗೆ ಈಗ ಮೂರು ವರ್ಷ ದಾಟಿದೆ. ಮಗಳಿಗೆ ಆಗ ಮೂರು ತುಂಬಿತ್ತು, ಈಗ ಒಂದನೇ ಕ್ಲಾಸು. ಇವತ್ತಿಗೂ ಸ್ಕೂಲಿಂದ ಬಂದವಳು ಬ್ಯಾಗ್ ಎಸೆದು ಮೊದಲು ನುಗ್ಗುವುದು ಅದರೊಳಗೇ. ಇಷ್ಟು ಬಾಳಿಕೆ ಬರಲು ನನಗೆ ಕಾಣುವ ದೊಡ್ಡ ಕಾರಣ ಒಂದು: ಯಾವ ಭಾಗ ಹಾಳಾದರೂ ಅದೊಂದನ್ನೇ ಬದಲಾಯಿಸಬಹುದು. ಇಲ್ಲಿಯವರೆಗೆ ಒಂದು ಗಳ, ಹಗ್ಗ, ಕಾಲಿನ ರಬ್ಬರ್ ಬುಡಗಳು ಹೊಸದಾಗಿವೆ. ಉಳಿದದ್ದೆಲ್ಲ ಮೊದಲಿನದೇ.

ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ ತರಿಸಿದ ರೆಡಿಮೇಡ್ ಟೆಂಟ್ ಇತ್ತು. ಪಾಲಿಯೆಸ್ಟರ್ ಬಟ್ಟೆ, ತೆಳು ಫೈಬರ್ ಕಡ್ಡಿ, ಮೂಲೆಗಳಲ್ಲಿ ಪ್ಲಾಸ್ಟಿಕ್ ಜಾಯಿಂಟ್. ನೋಡಲು ಚೆಂದವೇ. ಆದರೆ ಒಂದು ಜಾಯಿಂಟ್ ಸೀಳಿದ ಮೇಲೆ ಬದಲಿಗೆ ಇನ್ನೊಂದು ಎಲ್ಲೂ ಸಿಗಲಿಲ್ಲ. ಕಡ್ಡಿ ಬಿರಿದ ಕಡೆ ಸಣ್ಣ ಸಣ್ಣ ನಾರು ಎದ್ದು, ಮುಟ್ಟಿದರೆ ಕೈಯೆಲ್ಲ ನವೆ. ಏಪ್ರಿಲ್ ಮಧ್ಯಾಹ್ನ ಒಳಗೆ ಕೂತರೆ ಮಗು ಬೆವರಿ ಒದ್ದೆಯಾಗುತ್ತಿತ್ತು. ನೂರಾರು ರೂಪಾಯಿ ಕೊಟ್ಟ ವಸ್ತು ಒಂದು ಜಾಯಿಂಟಿಗೋಸ್ಕರ ಕಸಕ್ಕೆ ಹೋಯಿತಲ್ಲ ಅನ್ನೋ ಸಂಕಟದಿಂದಲೇ ನಾವು ಕೈಯಾರೆ ಮಾಡೋಣ ಅಂತ ಹೊರಟಿದ್ದು.

ಚೌಕಟ್ಟು ತುಂಬಾ ಸರಳ. 6 ಅಡಿಯ ನಾಲ್ಕು ಬಿದಿರು ಗಳ. ಎರಡೆರಡನ್ನು ತುದಿಯಿಂದ ಅರ್ಧ ಅಡಿ ಕೆಳಗೆ ಅಡ್ಡಹಾಯಿಸಿ ಕಟ್ಟಬೇಕು. ಬುಡ 3½ ಅಡಿ ಅಗಲಿಸಿ ನಿಲ್ಲಿಸಿದರೆ ಮೇಲೆ ಕವಲು ಬರುತ್ತದೆ. ಆ ಎರಡು ಕವಲಿನ ನಡುವೆ ಒಂದು ಅಡ್ಡಗಳ ಕೂರಿಸಿ ಬಿಗಿದರೆ ನೆತ್ತಿ ಆಯಿತು. ಎತ್ತರ 5 ಅಡಿಗಿಂತ ಸ್ವಲ್ಪ ಮೇಲೆ. ಎಡಕ್ಕೂ ಬಲಕ್ಕೂ ಬುಡದಲ್ಲಿ ಒಂದೊಂದು ಅಡ್ಡಗಳ ಬೇಕೇ ಬೇಕು. ಇಲ್ಲದಿದ್ದರೆ ಇಡೀ ಟೆಂಟು ಮುಂದಕ್ಕೂ ಹಿಂದಕ್ಕೂ ಓಲಾಡುತ್ತದೆ. ಬಿಚ್ಚಿದಾಗ ಗಳಗಳೆಲ್ಲ ಒಂದು ಕಟ್ಟಾಗಿ ಬೀರುವಿನ ಹಿಂದೆ ನಿಲ್ಲುತ್ತವೆ.

ಗಳ ತಂದಿದ್ದು ಮೈಸೂರಿನ ಬಂಬೂ ಬಜಾರಿನಿಂದ. ಅಂಗಡಿಯವರು ಕೊಟ್ಟ ಬುದ್ಧಿಮಾತು ಇಂದಿಗೂ ಉಪಯೋಗಕ್ಕೆ ಬರುತ್ತಿದೆ. "ಅಕ್ಕಾ, ಮೊಳೆ ಮಾತ್ರ ಹೊಡೀಬೇಡಿ, ಸೀಳ್ಕೊಂಡು ಹೋಗುತ್ತೆ. ಹಗ್ಗದಲ್ಲೇ ಕಟ್ಟಿ." ಪ್ರತಿ ಗಳವನ್ನೂ ಗೆಣ್ಣಿನ ಪಕ್ಕದಲ್ಲೇ ಕತ್ತರಿಸಿಕೊಟ್ಟರು. ಗೆಣ್ಣು ತುದಿಯಲ್ಲಿದ್ದರೆ ಬಾಯಿ ಬಿರಿಯುವುದಿಲ್ಲ. ಕಟ್ಟಲು ತೆಂಗಿನ ನಾರಿನ ಹಗ್ಗವೇ ಒಳ್ಳೆಯದು. ಬಿದಿರು ನುಣುಪು, ನೈಲಾನ್ ಹಗ್ಗ ಅದರ ಮೇಲೆ ಜಾರುತ್ತದೆ, ನಾರು ಕಚ್ಚಿ ಹಿಡಿಯುತ್ತದೆ. ಮಕ್ಕಳ ಕೈ ಹೆಚ್ಚು ತಾಗುವ ಕಡೆ ನಾರಿನ ಮೇಲೆ ಹಳೇ ಬಟ್ಟೆ ಸುತ್ತಿದ್ದೇನೆ.

ಸಿಬರಿನ ವಿಷಯದಲ್ಲಿ ಅವಸರ ಮಾಡಬೇಡಿ. ಉಪ್ಪು ಕಾಗದದಿಂದ ಉಜ್ಜಿದ ಮೇಲೆ ಹಳೇ ನೈಲಾನ್ ಕಾಲುಚೀಲವನ್ನು ಗಳದುದ್ದಕ್ಕೂ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಉಜ್ಜಬೇಕು.

ಈಗ ಬಟ್ಟೆ. ನನ್ನ ಮಟ್ಟಿಗೆ ಇಡೀ ಟೆಂಟಿನಲ್ಲಿ ಅತಿ ಚೆನ್ನಾಗಿ ಕೂಡಿಬಂದಿದ್ದು ಇದೇ. ನಮ್ಮತ್ತೆಯವರ ಒಂದು ಹಳೇ ಕಾಟನ್ ಸೀರೆ. ಸೀರೆ ಸಾಮಾನ್ಯವಾಗಿ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. ಪನ್ನ 45 ಇಂಚಿನ ಆಸುಪಾಸು. ನಮ್ಮ ಟೆಂಟಿನ ಉದ್ದವನ್ನು ತೀರ್ಮಾನಿಸಿದ್ದು ಈ ಪನ್ನವೇ. ಸೀರೆಯನ್ನು ನೆತ್ತಿಯ ಮೇಲಿಂದ ಎರಡೂ ಕಡೆ ಇಳಿಬಿಡಲು, ಮಡಿಕೆ ಸೇರಿ, 11½ ಅಡಿ ಬೇಕು. ಹಿಂದಿನ ಗೋಡೆಗೆ 5½ ಅಡಿ. ಉಳಿಯುವ ಒಂದು ಅಡಿಯಲ್ಲಿ ಕಟ್ಟುವ ಲಾಡಿಗಳು, ಒಳಗೆ ಪುಸ್ತಕ ಇಡಲು ಒಂದು ಜೇಬು. ಒಂದು ಚೂರೂ ಬಿಸಾಡುವುದಿಲ್ಲ.

ಅದಕ್ಕಿಂತ ದೊಡ್ಡ ಲಾಭ ಅಂಚಿನದು. ಹೀಗೆ ಹೊದಿಸಿದಾಗ ಸೀರೆಯ ಎರಡು ಅಂಚುಗಳು ಟೆಂಟಿನ ಮುಂದಿನ ಬಾಯಿಗೂ ಹಿಂದಿನ ಬಾಯಿಗೂ ಬರುತ್ತವೆ. ಮಕ್ಕಳು ಹಿಡಿದು ಎಳೆಯುವುದು, ಎದ್ದು ನಿಲ್ಲಲು ಜಗ್ಗುವುದು ಅಲ್ಲೇ ಅಲ್ವಾ? ನೇಯುವಾಗಲೇ ಅಂಚು ಮೈಗಿಂತ ಗಟ್ಟಿಯಾಗಿರುತ್ತದೆ. ಮೂರು ವರ್ಷದಲ್ಲಿ ಅಂಚು ಒಂದು ಎಳೆಯೂ ಬಿಟ್ಟಿಲ್ಲ. ಅಲ್ಲಿ ಹೊಲಿಗೆಯೂ ಬೇಕಾಗಲಿಲ್ಲ. ಬುಡದ ಕಡೆ ಮಾತ್ರ ಟೈಲರ್ ಹತ್ತಿರ ಅಗಲವಾದ ಮಡಿಕೆ ಹೊಲಿಸಿ, ಅದರೊಳಗೆ ಅಡ್ಡಗಳ ತೂರಿಸಿದ್ದೇವೆ. ಹಾಗಾಗಿ ಬಟ್ಟೆ ಯಾವಾಗಲೂ ಬಿಗಿಯಾಗಿ ನಿಲ್ಲುತ್ತದೆ.

ಒಗೆದು ಒಗೆದು ಮೆತ್ತಗಾದ ಸೀರೆಯೇ ಇರಲಿ. ಹೊಸ ಕಾಟನ್ ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಅಳತೆಯೆಲ್ಲ ತಪ್ಪುತ್ತದೆ, ಕೆಲವು ಬಣ್ಣ ಬಿಡುತ್ತವೆ. ಸೀರೆ ಹರಿದರೆ ಅತ್ತೆಗೆ ಬೇಜಾರಾಗಬಹುದೇನೋ ಅಂತ ನನಗೆ ಅಳುಕಿತ್ತು. "ಹರಿದ್ರೆ ಹರೀಲಿ ಬಿಡಮ್ಮ, ಬೀರುಲಿ ಕೊಳೆಯೋದಕ್ಕಿಂತ ಮಗು ಆಡ್ಲಿ" ಅಂದರು. ಸವೆದಿದ್ದು ಒಂದೇ ಕಡೆ, ನೆತ್ತಿಯ ಗಳಕ್ಕೆ ಉಜ್ಜುವ ಜಾಗ. ಎರಡನೇ ವರ್ಷ ಅಲ್ಲಿಗೆ ಬ್ಲೌಸ್ ಪೀಸಿನ ಪಟ್ಟಿ ಇಟ್ಟು ಹೊಲಿದೆ. ನೀವು ಮಾಡುವುದಾದರೆ ಆ ಪಟ್ಟಿಯನ್ನು ಮೊದಲೇ ಹಾಕಿಸಿಬಿಡಿ.

ಬಿದಿರಿಗೆ ಒಂದು ಶತ್ರು ಇದೆ. ಮೊದಲ ವರ್ಷವೇ ಒಂದು ಕಾಲಿನ ಕೆಳಗೆ ನಯವಾದ ಹಿಟ್ಟು ಉದುರತೊಡಗಿತು. ನೋಡಿದರೆ ಸೂಜಿಮೊನೆಯಷ್ಟು ತೂತುಗಳು. ಬಿದಿರಿನೊಳಗಿನ ಪಿಷ್ಟ ತಿನ್ನಲು ಬರುವ ಕೊರೆಯುವ ಹುಳು ಅದು. ಹಳ್ಳಿಗಳಲ್ಲಿ ಹಿಂದೆ ಬಿದಿರನ್ನು ಕೆರೆಯಲ್ಲಿ ವಾರಗಟ್ಟಲೆ ನೆನೆಹಾಕುತ್ತಿದ್ದುದು ಇದಕ್ಕೇ. ಆ ಪಿಷ್ಟ, ಸಕ್ಕರೆ ಅಂಶ ನೀರಿಗೆ ಹೋದರೆ ಹುಳುವಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಬೋರಾಕ್ಸ್, ಬೋರಿಕ್ ಆಮ್ಲದಲ್ಲಿ ನೆನೆಸಿದ ಬಿದಿರೂ ಸಿಗುತ್ತದೆ, ಕಟ್ಟಡದ ಕೆಲಸಕ್ಕೆ ಅದೇ ಸರಿ. ಬಾಯಿಗೆ ಹಾಕಿಕೊಳ್ಳುವ ಮಕ್ಕಳಿರುವ ಮನೆಯಲ್ಲಿ ನನಗೆ ಅದು ಬೇಡವೆನಿಸಿತು. ಆ ಒಂದು ಗಳ ತೆಗೆದು ನೀರಲ್ಲಿ ನೆನೆಸಿದ ಬೇರೆ ಗಳ ಹಾಕಿದೆವು. ಮತ್ತೆ ಹಿಟ್ಟು ಕಂಡಿಲ್ಲ.

ಮಳೆಗಾಲದಲ್ಲಿ ಸ್ವಲ್ಪ ನಿಗಾ ಬೇಕು. ಸೀರೆಗೆ ಮುಗ್ಗಲು ವಾಸನೆ ಬರುತ್ತದೆ, ಗಳದ ಮೇಲೆ ಬೂಸ್ಟು ಹಿಡಿಯುತ್ತದೆ. ಬಿಸಿಲು ಕಂಡ ದಿನ ಎರಡನ್ನೂ ಹೊರಗೆ ಹಾಕಿದರೆ ಸಾಕು.

ಪಿವಿಸಿ ಪೈಪಿನ ಬಗ್ಗೆ ಕೇಳುವವರು ಜಾಸ್ತಿ. ನನ್ನ ತಂಗಿ ಮನೆಯಲ್ಲಿ ವೈರಿಂಗ್‌ಗೆ ಬಳಸುವ 25 ಎಂಎಂ ಪೈಪಿನಲ್ಲಿ ಮಾಡಿದ್ದಾರೆ. ಹಗುರ, ಸಿಬರಿಲ್ಲ, ಹುಳುವಿಲ್ಲ. ಆದರೆ ಅಂಟು ಹಾಕದಿದ್ದರೆ ಜಾಯಿಂಟು ಕಳಚುತ್ತದೆ, ಹಾಕಿದರೆ ಬಿಚ್ಚಲಾಗುವುದಿಲ್ಲ. ನೆತ್ತಿಯ ಪೈಪು ನಡುವೆ ಬಾಗಿದೆ. ಮನೆಯಲ್ಲಿ ಜಾಗವಿದ್ದು ಟೆಂಟನ್ನು ಒಂದೇ ಕಡೆ ಬಿಡುವವರಿಗೆ ಪರವಾಗಿಲ್ಲ.

ಸುರಕ್ಷತೆಯ ವಿಷಯದಲ್ಲಿ ನಾನು ಸಡಿಲ ಬಿಡುವವಳಲ್ಲ. ಟೈಲ್ಸ್ ನೆಲದಲ್ಲಿ ಬಿದಿರು ಜಾರುತ್ತದೆ, ಟೆಂಟು ಕಾಲು ಚಾಚಿ ಕೂತುಬಿಡುತ್ತದೆ. ನಾಲ್ಕೂ ಕಾಲಿಗೆ ಊರುಗೋಲಿನ ರಬ್ಬರ್ ಬುಡ ಹಾಕಿ. ಪ್ರತಿ ಜೋಡಿ ಕಾಲಿನ ನಡುವೆ, ನೆಲಕ್ಕೆ ಹತ್ತಿರವಾಗಿ, ನೂಲಿನ ಹಗ್ಗ ಬಿಗಿಯಿರಿ. ಲಾಡಿ ಯಾವುದೂ ಒಂದು ಗೇಣಿಗಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯವಿದೆ. ಒಳಗೆ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಬೇಡವೇ ಬೇಡ. ಎಲ್‌ಇಡಿ ಸರ ಹಾಕುವುದಾದರೆ ಬಟನ್ ಸೆಲ್ ಇರುವುದನ್ನು ತರಲೇಬೇಡಿ. ಮಗು ಅದನ್ನು ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡುತ್ತದೆ. ಪೆನ್ಸಿಲ್ ಸೆಲ್ ಹಾಕುವ, ಮುಚ್ಚಳಕ್ಕೆ ಸ್ಕ್ರೂ ಇರುವ ಡಬ್ಬಿಯದೇ ಇರಲಿ.

ಮಕ್ಕಳು ಇದನ್ನು ಬಳಸುವ ರೀತಿ ಪ್ರತಿ ವರ್ಷ ಬದಲಾಗಿದೆ. ಮೊದಲು ಅದು ಬರೀ ಬಚ್ಚಿಟ್ಟುಕೊಳ್ಳುವ ಜಾಗ. ಆಮೇಲೆ ಅಂಗಡಿ, ಆಸ್ಪತ್ರೆ, ಬಸ್ಸು. ದಸರಾದಲ್ಲಿ ಅಜ್ಜಿ ಹಾಲ್‌ನಲ್ಲಿ ಮೆಟ್ಟಿಲು ಜೋಡಿಸಿ ಪಟ್ಟದ ಗೊಂಬೆ ಕೂರಿಸಿದರೆ, ಇವಳು ಟೆಂಟಿನೊಳಗೆ ತನ್ನದೇ ಗೊಂಬೆ ಸಾಲು ಕೂರಿಸುತ್ತಾಳೆ. ನೋಡಲು ಬಂದವರು ಬಗ್ಗಿ ಒಳಗೆ ಹೋಗಬೇಕು, ಬೊಂಬೆ ಬಾಗಿನವೂ ಅಲ್ಲೇ. ನೆಲಕ್ಕೆ ಧಾರವಾಡದ ಕಡೆಯಿಂದ ಬಂದ ಕೌದಿ. ಒಳಗೆ ಕೂತಾಗ ಬಿಸಿಲು ಸೀರೆಯ ಬಣ್ಣದಲ್ಲಿ ಇಳಿಯುತ್ತದೆ, ಗಾಳಿಯೂ ಆಡುತ್ತದೆ. ಪಾಲಿಯೆಸ್ಟರ್ ಟೆಂಟಿನಲ್ಲಿ ಈ ಸುಖ ಇರಲಿಲ್ಲ. ಈಗೀಗ ಅವಳು, ಅವಳ ಚಿಕ್ಕಮ್ಮನ ಮಗ ಇಬ್ಬರೇ ಸೇರಿ ಬಟ್ಟೆ ಹೊದಿಸಿ ಲಾಡಿ ಕಟ್ಟುತ್ತಾರೆ. ಗಳ ನಿಲ್ಲಿಸಲು ಮಾತ್ರ ದೊಡ್ಡವರು ಬೇಕು.

ಇದು ಮನೆಯೊಳಗಿನ ವಸ್ತು. ತಾರಸಿಗೆ ಒಯ್ಯುವುದಾದರೆ ಗಾಳಿಯಿಲ್ಲದ ಸಂಜೆ ನೋಡಿಕೊಳ್ಳಿ. ಆಷಾಢದ ಗಾಳಿಗೆ ಇದು ನಿಲ್ಲುವುದಿಲ್ಲ, ಮಳೆಯನ್ನು ತಡೆಯುವುದೂ ಇಲ್ಲ.

ಖರ್ಚು ಆಗ ಗಳ, ಹಗ್ಗ, ರಬ್ಬರ್, ಹೊಲಿಗೆ ಎಲ್ಲಾ ಸೇರಿ 700 ರೂಪಾಯಿ ಒಳಗೇ ಆಗಿತ್ತು. ಮುಂದಿನ ಬೇಸಿಗೆಗೆ 7 ಅಡಿಯ ಗಳ ಹಾಕುವ ಯೋಚನೆಯಿದೆ, ಮಗಳು ಉದ್ದವಾಗಿದ್ದಾಳೆ. ಆಗ ಇಳಿಜಾರಿಗೇ 13½ ಅಡಿ ಬಟ್ಟೆ ಹೋಗುತ್ತದೆ. ಹಿಂದಿನ ಗೋಡೆಗೆ ಇದೇ ಸೀರೆ ಸಾಲದು. ನಮ್ಮಮ್ಮ ಅದಕ್ಕಾಗಿ ತಮ್ಮದೊಂದು ಕಾಟನ್ ಸೀರೆ ಎತ್ತಿಟ್ಟಿದ್ದಾರೆ. ಪನ್ನ ಅಳೆದು ನೋಡಿದೆ, 46 ಇಂಚು ಇದೆ.