ಪಾರಿವಾಳದ ಬಲೆ: ಬಾಲ್ಕನಿಗೆ ಸೈ, ಡಕ್ಟ್‌ಗೆ ಸಾಲದು

ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಪಾರಿವಾಳದ ಕಾಟ ತಡೆಯಲು ಊರಿನದೇ ಒಂದು ಸಂಸ್ಥೆಯಿಂದ ಬಲೆ ಹಾಕಿಸಿದ್ದೇವೆ. ಬಿಸಿಲು, ಮಳೆ ಎರಡನ್ನೂ ಅದು ಕಂಡಿರುವುದರಿಂದ ಈಗ ಅಭಿಪ್ರಾಯ ಹೇಳಬಹುದು.

ಬಾಲ್ಕನಿಯ ಕೆಲಸ ಅಚ್ಚುಕಟ್ಟಾಗಿದೆ. ಕೆಲವರು ಗೋಡೆಗೆ ಕೊಕ್ಕೆ ಹೊಡೆದು ಬಲೆಯನ್ನು ನೇರವಾಗಿ ಅದಕ್ಕೇ ಸಿಕ್ಕಿಸಿಬಿಡುತ್ತಾರೆ. ಇವರು ಕೊಕ್ಕೆಗಳ ನಡುವೆ ಸುತ್ತಲೂ ಸ್ಟೀಲ್ ತಂತಿ ಎಳೆದು, ಬಲೆಯ ಅಂಚನ್ನು ಆ ತಂತಿಗೆ ಹೆಣೆದಿರುವುದರಿಂದ ಎಲ್ಲಿಯೂ ಜೋಲು ಬಿದ್ದಿಲ್ಲ. ಬಲೆಯ ಕಣ್ಣಿನ ಅಳತೆ 50 ಮಿಲಿಮೀಟರ್, ಪಾರಿವಾಳಕ್ಕೆ ಇದೇ ರೂಢಿಯ ಅಳತೆ. ಗುಬ್ಬಚ್ಚಿಯನ್ನೂ ತಡೆಯಬೇಕೆಂದರೆ 19 ಮಿಲಿಮೀಟರಿನದು ಬೇಕಾಗುತ್ತದೆ, ಆದರೆ ಗುಬ್ಬಚ್ಚಿ ಬಂದುಹೋದರೆ ನಮಗಂತೂ ಸಂತೋಷವೇ.

ಡಕ್ಟ್‌ನ, ಅಂದರೆ ಗೋಡೆಗಳ ನಡುವೆ ಪೈಪುಗಳು ಇಳಿಯುವ ಕಿರಿದಾದ ತೆರಪಿನ, ಕಥೆಯೇ ಬೇರೆ. ಪೈಪುಗಳು ಹಾದುಹೋಗುವ ಮೂಲೆಯಲ್ಲಿ ಬಲೆಯನ್ನು ಕತ್ತರಿಸಿ ಹಾಗೆಯೇ ಬಿಟ್ಟಿದ್ದರಿಂದ ಅಂಗೈಯಗಲದ ಸಂದು ಉಳಿದು, ಅದರಲ್ಲೇ ನುಸುಳಿದ ಜೋಡಿಯೊಂದು ಪೈಪಿನ ಬೆಂಡಿನ ಮೇಲೆ ನಾಲ್ಕು ಕಡ್ಡಿ ಇಟ್ಟು ಎರಡು ಮೊಟ್ಟೆಯಿಟ್ಟಿತು. ದೂರು ಕೊಟ್ಟ ಮರುದಿನವೇ ಬಂದರು, ಅದು ಮೆಚ್ಚುವ ಮಾತು. ಆದರೆ ಬಂದ ಹುಡುಗ ಹಕ್ಕಿ ಒಳಗಿರುವಾಗಲೇ ಸಂದು ಮುಚ್ಚಲು ಹೊರಟಿದ್ದ. ಕೆಳಮನೆಯ ಅಜ್ಜಿ, "ಬಾಣಂತಿಯನ್ನು ಕೂಡಿಹಾಕ್ತೀಯೇನಪ್ಪಾ?" ಎಂದು ಗದರಿಸಿದ ಮೇಲೆ ಏಣಿಯಿಂದ ಇಳಿದ. ಪಾಪಪುಣ್ಯದ ಮಾತು ಹಾಗಿರಲಿ, ಒಳಗೆ ಸತ್ತ ಹಕ್ಕಿಯ ನಾತವನ್ನು ಅನುಭವಿಸಬೇಕಾದವರು ನಾವೇ. ಮೊಟ್ಟೆ ಒಡೆಯಲು ಹದಿನೆಂಟು ದಿನದ ಆಸುಪಾಸು, ಮರಿ ಹಾರಲು ಮತ್ತೊಂದು ತಿಂಗಳು ಬೇಕು. ಅಷ್ಟು ಕಾದು ಆಮೇಲೆ ಮುಚ್ಚಿಸಿದೆವು.

ಸ್ವಚ್ಛತೆಯ ಕೆಲಸಕ್ಕೆ ಮಾತ್ರ ನನ್ನ ಬಲವಾದ ಆಕ್ಷೇಪವಿದೆ. ಒಣಗಿದ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರಗಳಿರಬಹುದು, ಆದ್ದರಿಂದ ಮೊದಲು ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ಕೆರೆದು ತೆಗೆಯಬೇಕು. ಇವರು ಬರಿಗೈ, ಬರಿಮುಖದಲ್ಲಿ ಒಣಪೊರಕೆಯಿಂದ ಗುಡಿಸಿದರು. ಧೂಳು ಅಡುಗೆಮನೆಯ ಕಿಟಕಿಗಳ ಒಳಗೇ ಬಂತು.

ಸಜ್ಜಾದ ಮೇಲೆ ಕೂರಿಸಿದ ಪ್ಲಾಸ್ಟಿಕ್ ಮುಳ್ಳುಗಳಿಗೆ ಹಣ ಕೊಟ್ಟದ್ದು ದಂಡ. ವಿರಳವಾಗಿ ಜೋಡಿಸಿದ ಮುಳ್ಳುಗಳ ನಡುವೆ ಪಾರಿವಾಳಗಳು ಕಡ್ಡಿ ತುರುಕಿ ಇನ್ನೂ ಗಟ್ಟಿಯಾದ ಗೂಡು ಕಟ್ಟಿಕೊಂಡಿವೆ.

ಚದರ ಅಡಿಗೆ 18 ರೂಪಾಯಿ ದರ ಬಾಲ್ಕನಿಯ ಮಟ್ಟಿಗೆ ನ್ಯಾಯವಾದದ್ದು, ಅಷ್ಟಕ್ಕೆ ಇವರನ್ನು ಧೈರ್ಯವಾಗಿ ಕರೆಸಬಹುದು. ಡಕ್ಟ್ ಕೂಡ ಇದ್ದರೆ, ಪೈಪಿನ ಸುತ್ತ ಬಲೆ ಹೆಣೆದು ಕಟ್ಟಬೇಕೆಂದು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ, ತಾರಸಿಯಿಂದ ಬಗ್ಗಿ ನೋಡಿದ ಮೇಲಷ್ಟೇ ಬಾಕಿ ಹಣ ಕೊಡಿ. ಗ್ಯಾರಂಟಿ ಕಾರ್ಡಿನಲ್ಲಿ ಇರುವುದು ಬಲೆ ಹರಿಯುವ ಮಾತು ಮಾತ್ರ, ಸಂದು ಬಿಟ್ಟ ಕೆಲಸದ್ದಲ್ಲ.