ಮನೆಯೊಳಗಿನ ಗ್ರೋ ಟೆಂಟ್ ಕಿಟ್: ಸಾಮಾನು ಪರವಾಗಿಲ್ಲ, ವಾರದ ಚಾರ್ಟ್ ಮಾತ್ರ ಬೇರೆ ಗಿಡದ್ದು

ಟೆಂಟ್, ಎಲ್‌ಇಡಿ ಲೈಟ್, ಗಾಳಿ ಹೊರಗೆ ಹಾಕೋ ಫ್ಯಾನ್, ಕಾರ್ಬನ್ ಫಿಲ್ಟರ್, ಟೈಮರ್, ನಾಲ್ಕು ಬಟ್ಟೆ ಕುಂಡ, ಮೂರು ಬಾಟಲಿ ಗೊಬ್ಬರ. ಮನೆಯೊಳಗೆ ಲೈಟಿನ ಬೆಳಕಲ್ಲೇ ಗಿಡ ಬೆಳೆಸಲು ಬೇಕಾದ ಇಷ್ಟೂ ಒಂದೇ ಡಬ್ಬದಲ್ಲಿ ಬರುತ್ತದೆ. ಜೊತೆಗೆ ಗೋಡೆಗೆ ಅಂಟಿಸಿಕೊಳ್ಳಲು ‘ಯಾವ ವಾರ ಏನು ಮಾಡಬೇಕು’ ಅಂತ ಒಂದು ಬಣ್ಣದ ಚಾರ್ಟ್. ಡಬ್ಬದ ಮೇಲೆ ಟೊಮ್ಯಾಟೊ, ಮೆಣಸಿನಕಾಯಿ, ತುಳಸಿ ಜಾತಿಯ ಸೊಪ್ಪಿನ ಚಿತ್ರ. ನಾನು ಇದರಲ್ಲಿ ಬೆಳೆಸಿದ್ದೂ ಮೆಣಸು ಮತ್ತು ಗಿಡ್ಡ ಜಾತಿಯ ಟೊಮ್ಯಾಟೊ. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಟೆಂಟು, ಇದೇ ಲೈಟು ಹತ್ತಾರು ಹೆಸರಲ್ಲಿ, ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಸಿಗುತ್ತವೆ, ಆದ್ದರಿಂದ ನಾನು ಹೇಳೋದು ಈ ಥರದ ಹೆಚ್ಚಿನ ಕಿಟ್‌ಗಳಿಗೂ ಹೊಂದುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಸಾಮಾನು ಕೆಟ್ಟದ್ದಲ್ಲ. ಚಾರ್ಟ್ ಮಾತ್ರ ಗಾಂಜಾ ಗಿಡಕ್ಕೆ ಬರೆದದ್ದು. ಹೆಸರು ಎಲ್ಲೂ ಹಾಕಿಲ್ಲ, ಆದರೆ ಸ್ವಲ್ಪ ಗಿಡ ಗೊತ್ತಿರೋರು ಓದಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ನಾಲ್ಕು ವಾರ 18 ಗಂಟೆ ಬೆಳಕು, ಆಮೇಲೆ ಒಂದೇ ಸಲ 12 ಗಂಟೆಗೆ ಇಳಿಸು, ಕೊನೆಯ ಎರಡು ವಾರ ಬರೀ ನೀರು ಕೊಡು, ಆಮೇಲೆ ಬುಡಕ್ಕೆ ಕತ್ತರಿಸಿ ಕತ್ತಲಲ್ಲಿ ನೇತುಹಾಕು. ಟೊಮ್ಯಾಟೊ ಗಿಡವನ್ನು ಯಾರಾದರೂ ನೇತುಹಾಕುತ್ತಾರಾ?

ಇದರಲ್ಲಿ ಆಶ್ಚರ್ಯ ಏನಿಲ್ಲ. ಸಣ್ಣ ಟೆಂಟ್‌ಗಳ ಮಾರುಕಟ್ಟೆ ಬೆಳೆದದ್ದೇ ಆ ಗಿಡದಿಂದ. ಕೆನಡಾದ ಬಹುತೇಕ ಕಡೆ 2018ರಿಂದ ಮನೆಗೆ ನಾಲ್ಕು ಗಿಡ ಬೆಳೆಸಿಕೊಳ್ಳಬಹುದು, ಜರ್ಮನಿಯಲ್ಲಿ 2024ರಿಂದ ದೊಡ್ಡವರಿಗೆ ತಲಾ ಮೂರು. ಇನ್ನೂ ಬಹಳ ದೇಶಗಳಲ್ಲಿ ಒಂದು ಗಿಡ ಇಟ್ಟರೂ ಜೈಲು. ಹಾಗಾಗಿ ಕಂಪನಿಗಳು ಡಬ್ಬದ ಮೇಲೆ ಟೊಮ್ಯಾಟೊ ಚಿತ್ರ ಹಾಕಿ ಒಳಗೆ ಹಳೇ ಚಾರ್ಟನ್ನೇ ಇಡುತ್ತವೆ. ಕುಂಡ ಸರಿಯಾಗಿ ನಾಲ್ಕೇ ಇರೋದೂ ಸುಮ್ನೆ ಅಲ್ಲ ಅನ್ನಿಸುತ್ತದೆ. ತೊಂದರೆ ಏನಂದರೆ, ನಿಜವಾಗಿ ಟೊಮ್ಯಾಟೊ ಬೆಳೆಯಲು ಕೊಂಡವರು ಆ ಚಾರ್ಟನ್ನು ನಂಬಿ ಕೂರುತ್ತಾರೆ.

ಟೆಂಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕೂವರೆ ಅಡಿ ಎತ್ತರ. ಕಬ್ಬಿಣದ ಕೊಳವೆಗಳು ಗಟ್ಟಿಯಾಗಿವೆ, ಲೈಟು ಫಿಲ್ಟರು ಎರಡನ್ನೂ ತೂಗುಹಾಕಿದರೂ ಬಗ್ಗಲಿಲ್ಲ. ಒಳಗಿನ ಬೆಳ್ಳಿ ಹಾಳೆ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತದೆ. ಜಿಪ್ ಮಾತ್ರ ತಲೆನೋವು. ಕೆಳಗಿನ ಮೂಲೆಯಲ್ಲಿ ಜಿಪ್ ತಿರುಗುವ ಜಾಗಕ್ಕೆ ಒಳಗಿನಿಂದ ಒಂದು ಬಟ್ಟೆಪಟ್ಟಿ ಹೊಲಿದಿದ್ದಾರೆ, ಬೆಳಕು ಸೋರದೆ ಇರಲಿ ಅಂತ. ಪ್ರತಿ ಸಲ ಮುಚ್ಚುವಾಗಲೂ ಆ ಪಟ್ಟಿ ಜಿಪ್ಪಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಕೈಯಲ್ಲಿ ಪಟ್ಟಿಯನ್ನು ಒಳಕ್ಕೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ನಿಧಾನಕ್ಕೆ ಎಳೆಯಬೇಕು. ಹೊಲಿಗೆ ಸಾಲಿನಲ್ಲಿ ಸೂಜಿ ತೂತುಗಳಿಂದ ಬೆಳಕು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಗಾಂಜಾ ಬೆಳೆಯೋರಿಗೆ ಇದು ದೊಡ್ಡ ದೂರು, ಯಾಕಂದರೆ ರಾತ್ರಿ ಹೊತ್ತು ಬೆಳಕು ಬಿದ್ದರೆ ಆ ಗಿಡದ ಹೂ ಬಿಡೋ ಲೆಕ್ಕ ತಪ್ಪುತ್ತದೆ. ಮೆಣಸಿಗೆ, ಟೊಮ್ಯಾಟೊಗೆ ಏನೂ ಆಗೋದಿಲ್ಲ. ಹಾಗಾಗಿ ಆ ಪಟ್ಟಿ ಹರಿದುಹೋದರೂ ತಲೆ ಕೆಡಿಸಿಕೊಳ್ಳಬೇಡಿ. ಹೊಸದರಲ್ಲಿ ಪ್ಲಾಸ್ಟಿಕ್ ವಾಸನೆ ಜೋರಾಗಿರುತ್ತದೆ, ಬಾಗಿಲು ತೆಗೆದು ಕೆಲವು ದಿನ ಹಾಗೇ ಬಿಟ್ಟು ಆಮೇಲೆ ಸಸಿ ಇಡಿ.

ಲೈಟ್ ಇಡೀ ಕಿಟ್‌ನಲ್ಲಿ ಒಳ್ಳೇ ಸಾಮಾನು, ಅದರ ಮೇಲೆ ಬರೆದಿರೋದು ದೊಡ್ಡ ಸುಳ್ಳು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ಅಂತ ಇದೆ. ಪ್ಲಗ್‌ಗೆ ಮೀಟರ್ ಹಾಕಿ ನೋಡಿದರೆ ಎಳೆಯೋದು ನೂರು ವಾಟ್. 1000 ಅನ್ನೋದು ಯಾವುದೋ ಹಳೇ ಬಲ್ಬಿಗೆ ‘ಸಮ’ ಅನ್ನೋ ಜಾಹೀರಾತಿನ ಲೆಕ್ಕ, ಅದಕ್ಕೆ ಅರ್ಥ ಇಲ್ಲ. ಆದರೆ ಎರಡಡಿ ಟೆಂಟ್‌ಗೆ ನಿಜವಾದ ನೂರು ವಾಟ್ ಎಲ್‌ಇಡಿ ಧಾರಾಳ ಸಾಕು. ಗಿಡಕ್ಕೆ ಎಷ್ಟು ಬೆಳಕು ಬೀಳುತ್ತದೆ ಅನ್ನೋದನ್ನು ಅಳೆಯೋದು ವಾಟಿನಲ್ಲಿ ಅಲ್ಲ, ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳನ್ನು ಎಣಿಸೋ ಅಳತೆ) ಅಂತ. ಸಣ್ಣ ಸಸಿಗೆ 150ರಿಂದ 250 ಸಾಕು, ಕಾಯಿ ಬಿಡೋ ಗಿಡಕ್ಕೆ 400ರಿಂದ 600 ಬೇಕು. ಅದರ ಮೀಟರ್ ದುಬಾರಿ. ಫೋನಿನಲ್ಲಿ ಲಕ್ಸ್ (ಕಣ್ಣಿಗೆ ಕಾಣೋ ಬೆಳಕಿನ ಅಳತೆ) ತೋರಿಸೋ ಆ್ಯಪ್ ಇದ್ದರೆ ಒಂದು ಅಂದಾಜು ಸಿಗುತ್ತದೆ: ಬಿಳಿ ಎಲ್‌ಇಡಿಗೆ ಲಕ್ಸ್ ಸಂಖ್ಯೆಯನ್ನು ಸುಮಾರು 67ರಿಂದ ಭಾಗಿಸಿ. ಅಂದರೆ 27,000 ಲಕ್ಸ್ ತೋರಿಸಿದರೆ ಹೆಚ್ಚುಕಡಿಮೆ 400. ಪೂರ್ತಿ ಸರಿ ಇರೋದಿಲ್ಲ, ಆದರೂ ಕಣ್ಣಳತೆಗಿಂತ ಎಷ್ಟೋ ಮೇಲು, ಯಾಕಂದರೆ ನಮ್ಮ ಕಣ್ಣಿಗೆ ಕತ್ತಲೆ ಕೋಣೆಯ ಲೈಟು ಯಾವಾಗಲೂ ಜಾಸ್ತಿ ಅನ್ನಿಸುತ್ತದೆ. ಬೆಳಕು ಕಮ್ಮಿ ಜಾಸ್ತಿ ಮಾಡೋ ತಿರುಗಣಿ ಕೊಟ್ಟಿದ್ದಾರೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಧ್ಯಕ್ಕಿಂತ ಮೂಲೆಗಳಲ್ಲಿ ಬೆಳಕು ಕಮ್ಮಿ, ಅದಕ್ಕೆ ಕುಂಡಗಳನ್ನು ಆಗಾಗ ತಿರುಗಿಸಿ ಜಾಗ ಬದಲಿಸಿ.

ಫ್ಯಾನ್ ಸದ್ದು ಮಾಡುತ್ತದೆ. ಮಲಗೋ ಕೋಣೆಯಲ್ಲಿ ಬೇಡ. ನೂರು ವಾಟ್ ಲೈಟು ಎಂದರೆ ಕೊನೆಗೆ ನೂರು ವಾಟ್ ಶಾಖವೇ, ಆದ್ದರಿಂದ ಫ್ಯಾನ್ ಬೇಕೇ ಬೇಕು. ಅದು ಓಡುವಾಗ ಟೆಂಟಿನ ಗೋಡೆಗಳು ಸ್ವಲ್ಪ ಒಳಕ್ಕೆ ಹೀರಿಕೊಂಡ ಹಾಗಿದ್ದರೆ ಗಾಳಿ ಸರಿಯಾಗಿ ಹೋಗುತ್ತಿದೆ ಅಂತ ಅರ್ಥ. ಕಾರ್ಬನ್ ಫಿಲ್ಟರ್ ಇರೋದು ವಾಸನೆ ಹೊರಗೆ ಹೋಗದ ಹಾಗೆ ತಡೆಯೋಕೆ. ಮೆಣಸಿನ ಗಿಡ ಪಕ್ಕದ ಮನೆಗೆ ಬರೋ ಅಷ್ಟು ವಾಸನೆ ಬೀರೋದಿಲ್ಲ, ಅಲ್ವಾ. ಫಿಲ್ಟರ್ ಬಿಚ್ಚಿಟ್ಟೆ. ಫ್ಯಾನಿನ ಗಾಳಿ ಜೋರಾಯಿತು, ವೇಗ ಇಳಿಸಿದ್ದರಿಂದ ಸದ್ದೂ ಕಮ್ಮಿ ಆಯಿತು. ಕಿಟ್ಟಿನ ಭಾರದ, ಬೆಲೆಯ ಒಂದು ದೊಡ್ಡ ಭಾಗ ಈ ಫಿಲ್ಟರ್. ಬಿಡಿಬಿಡಿಯಾಗಿ ಕೊಳ್ಳುವವರು ಇದನ್ನು ಬಿಟ್ಟುಬಿಡಿ.

ಈಗ ಚಾರ್ಟಿಗೆ ಬರೋಣ.

ಮೊದಲ ವಾರ: ಮೊಳಕೆ. ಇಲ್ಲಿ ಚಾರ್ಟ್ ಮೂರ್ನಾಲ್ಕು ದಿನದಲ್ಲಿ ಸಸಿ ಮೇಲೆ ಬರುತ್ತದೆ ಅನ್ನುತ್ತದೆ. ಟೊಮ್ಯಾಟೊ ಒಂದು ವಾರದ ಆಸುಪಾಸಿನಲ್ಲಿ ಬರುತ್ತದೆ. ಮೆಣಸು ಬಹಳ ಸೋಮಾರಿ. 25ರಿಂದ 30 ಡಿಗ್ರಿ ಬೆಚ್ಚಗಿದ್ದರೂ ಒಂದರಿಂದ ಎರಡು ವಾರ, ಕೆಲವು ಖಾರದ ಜಾತಿಗಳು ಇನ್ನೂ ಹೆಚ್ಚು ತೆಗೆದುಕೊಳ್ಳುತ್ತವೆ. ಚಾರ್ಟ್ ನೋಡಿ ‘ಬೀಜ ಸತ್ತಿದೆ’ ಅಂತ ಮಣ್ಣು ಕೆದಕಬೇಡಿ. ಸಸಿಗೆ 24 ಗಂಟೆ ಲೈಟು ಇಟ್ಟರೂ ನಡೆಯುತ್ತೆ ಅಂತ ಒಂದು ಟಿಪ್ಪಣಿ ಇದೆ. ಗಾಂಜಾಗೆ ನಡೆಯಬಹುದು, ಟೊಮ್ಯಾಟೊಗೆ ಸಲ್ಲದು. ಕತ್ತಲೆಯೇ ಇಲ್ಲದೆ ಬೆಳೆಸಿದರೆ ಟೊಮ್ಯಾಟೊ ಎಲೆ ಹಳದಿಯಾಗಿ ಹಾಳಾಗುತ್ತದೆ, ಇದು ಬಹಳ ಹಿಂದಿನಿಂದಲೂ ಗೊತ್ತಿರೋ ವಿಷಯ.

ಎರಡರಿಂದ ನಾಲ್ಕನೇ ವಾರ: 18 ಗಂಟೆ ಬೆಳಕು, ಲೈಟನ್ನು ನಿಧಾನಕ್ಕೆ ಹತ್ತಿರ ತರುವುದು, ಎಲೆ ಹೆಚ್ಚಾದ ಮೇಲೆ ತುದಿ ಚಿವುಟುವುದು. ಈ ಭಾಗ ಪರವಾಗಿಲ್ಲ. ನಾನು 16 ಗಂಟೆ ಇಟ್ಟೆ, ಲೈಟನ್ನು ಎರಡಡಿ ಎತ್ತರದಿಂದ ಶುರು ಮಾಡಿ ಒಂದಡಿ ಚಿಲ್ಲರೆಗೆ ತಂದೆ. ತುದಿ ಚಿವುಟೋದು ಮೆಣಸಿಗೆ ಅಷ್ಟೇನೂ ಬೇಕಿಲ್ಲ, ಮೊದಲ ಹೂವಿನ ಹತ್ತಿರ ಅದು ತಾನಾಗೇ ಕವಲೊಡೆಯುತ್ತದೆ. ನಾಲ್ಕು ಕುಂಡ ಇಡಲು ಹೋಗಬೇಡಿ, ಈ ಜಾಗಕ್ಕೆ ಎರಡು ಗಿಡ ಸಾಕು.

ಐದನೇ ವಾರದಲ್ಲಿ ಇದೆ ಎಡವಟ್ಟು. ‘ಹೂ ಬರಲು ಬೆಳಕು 12 ಗಂಟೆಗೆ ಇಳಿಸಿ’ ಅಂತ ಕೆಂಪಕ್ಷರದಲ್ಲಿ ಹಾಕಿದ್ದಾರೆ. ದಿನದ ಉದ್ದ ನೋಡಿಕೊಂಡು ಹೂ ಬಿಡೋ ಗಿಡಗಳಿವೆ ಅನ್ನೋದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಹೊಗೆಸೊಪ್ಪು, ಸೋಯಾ ಇಟ್ಟುಕೊಂಡು ತೋರಿಸಿದರು. ಗಾಂಜಾ ಆ ಗುಂಪಿನದು: ರಾತ್ರಿ ಉದ್ದವಾದರೆ ಹೂ. ಅದರಲ್ಲೂ ಕೆಲವು ತಳಿಗಳಿಗೆ ಈ ಲೆಕ್ಕ ಬೇಡ, ವಯಸ್ಸಾದ ಕೂಡಲೇ ಹೂ ಬಿಡುತ್ತವೆ. ಟೊಮ್ಯಾಟೊ, ಮೆಣಸು ಎರಡೂ ಹಾಗೇ, ದಿನ ಎಷ್ಟು ಉದ್ದ ಇದ್ದರೂ ಹೊತ್ತಿಗೆ ಸರಿಯಾಗಿ ಹೂ ಬಿಡುತ್ತವೆ. ಅವಕ್ಕೆ ಬೆಳಕು 12 ಗಂಟೆಗೆ ಇಳಿಸಿದರೆ ಹೂ ಬೇಗ ಬರೋದಿಲ್ಲ, ಊಟ ಕಮ್ಮಿಯಾಗುತ್ತದೆ ಅಷ್ಟೇ. ಲೆಕ್ಕ ಹಾಕಿ: 400 ಮೈಕ್ರೋಮೋಲ್ ಬೆಳಕು 18 ಗಂಟೆ ಬಿದ್ದರೆ ದಿನಕ್ಕೆ ಸುಮಾರು 26 ಮೋಲ್ (ಒಂದು ಮೋಲ್ ಅಂದರೆ ಹತ್ತು ಲಕ್ಷ ಮೈಕ್ರೋಮೋಲ್), 16 ಗಂಟೆಗೆ 23, ಅದೇ 12 ಗಂಟೆಗೆ 17. ಟೊಮ್ಯಾಟೊ ಚೆನ್ನಾಗಿ ಕಾಯಿ ಹಿಡಿಯಲು 20ರಿಂದ 30 ಬೇಕು. ಅಂದರೆ ಗಿಡಕ್ಕೆ ಹಸಿವು ಹೆಚ್ಚಾಗೋ ಹೊತ್ತಿಗೆ ಸರಿಯಾಗಿ ತಟ್ಟೆಯಿಂದ ಮೂರನೇ ಒಂದು ಭಾಗ ತೆಗೆದುಬಿಡು ಅನ್ನುತ್ತಿದೆ ಚಾರ್ಟ್. ಟೈಮರ್ ಮುಟ್ಟಬೇಡಿ. 16 ಗಂಟೆ ಕೊನೆಯ ತನಕ ಹಾಗೇ ಇರಲಿ.

ಇನ್ನು ಹೂ ಬಂದ ಮೇಲೆ ಏನು ಮಾಡಬೇಕು ಅನ್ನೋದು ಚಾರ್ಟಿನಲ್ಲಿ ಪೂರ್ತಿ ಉಲ್ಟಾ. ಗಾಂಜಾ ಬೆಳೆಯೋರಿಗೆ ಬೀಜ ಕಟ್ಟಬಾರದು, ಗಂಡು ಗಿಡ ಕಂಡರೆ ಕಿತ್ತು ಎಸೆಯುತ್ತಾರೆ. ಚಾರ್ಟಿನಲ್ಲಿ ‘ಪರಾಗ ಚೀಲ ಕಂಡರೆ ಗಿಡ ತೆಗೆದುಹಾಕಿ’ ಅಂತ ಒಂದು ಸಾಲು ಇದೆ. ನಮಗೆ ಬೇಕಿರೋದೇ ಪರಾಗ! ಟೆಂಟ್ ಒಳಗೆ ಜೇನು ಇಲ್ಲ, ಬೀಸೋ ಗಾಳಿ ಇಲ್ಲ. ಟೊಮ್ಯಾಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಆದರೆ ಪುಡಿ ಉದುರಲು ಅದನ್ನು ಅಲ್ಲಾಡಿಸಬೇಕು. ಹಳೇ ಎಲೆಕ್ಟ್ರಿಕ್ ಟೂತ್‌ಬ್ರಷ್ ಇದ್ದರೆ ಅದರ ಹಿಂಭಾಗವನ್ನು ಹೂಗೊಂಚಲಿನ ತೊಟ್ಟಿಗೆ ಒಂದೆರಡು ಸೆಕೆಂಡ್ ತಾಗಿಸಿ. ಪೂರ್ತಿ ಅರಳಿ ದಳ ಹಿಂದಕ್ಕೆ ಮಡಚಿಕೊಂಡ ಹೂವಾದರೆ, ಮಧ್ಯದ ಹಳದಿ ಕೊಂಬಿನ ತುದಿಯಿಂದ ಸಣ್ಣ ಪುಡಿ ಹೊಗೆಯ ಹಾಗೆ ಇಳಿಯೋದು ಲೈಟಿನ ಬೆಳಕಲ್ಲಿ ಕಾಣುತ್ತದೆ. ಕಾಣಲಿಲ್ಲ ಅಂದರೆ ಒಳಗೆ ತೇವ ಜಾಸ್ತಿಯಾಗಿ ಪುಡಿ ಅಂಟಿಕೊಂಡಿದೆ, ಫ್ಯಾನ್ ಜೋರು ಮಾಡಿ ಇನ್ನೊಂದು ಹೊತ್ತಿಗೆ ಮಾಡಿ. ಮೆಣಸಿಗೆ ಇಷ್ಟು ಉಪಚಾರ ಬೇಡ, ಗಿಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೂ ಸಾಕು.

ಹೂ ಉದುರಿದರೆ ಮೊದಲು ಶಾಖ ನೋಡಿ. ಹಗಲು 32 ಡಿಗ್ರಿ ದಾಟಿದರೆ, ರಾತ್ರಿ 24ರ ಕೆಳಗೆ ಇಳಿಯದಿದ್ದರೆ ಟೊಮ್ಯಾಟೊ ಕಾಯಿ ಕಚ್ಚೋದು ಕಷ್ಟ. ಲೈಟ್ ಉರಿಯುವಾಗ ಟೆಂಟ್ ಒಳಗೆ ಕೋಣೆಗಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ. ಟೈಮರನ್ನು ಸಂಜೆಯಿಂದ ಬೆಳಗಿನವರೆಗೆ ಲೈಟ್ ಇರೋ ಹಾಗೆ ಇಟ್ಟರೆ, ಮಧ್ಯಾಹ್ನದ ಸೆಕೆಗೆ ಲೈಟಿನ ಸೆಕೆ ಸೇರೋದು ತಪ್ಪುತ್ತದೆ.

ಬಾಟಲಿಗಳು ಮೂರು: ‘ಗ್ರೋ’, ‘ಬ್ಲೂಮ್’, ‘ಬೂಸ್ಟರ್’. ಮೊದಲೆರಡು ಸಾಧಾರಣ ಗೊಬ್ಬರ, ಹೇಳಿದ್ದರ ಅರ್ಧ ಪ್ರಮಾಣದಿಂದ ಶುರು ಮಾಡಿದರೆ ಒಳ್ಳೆಯದು. ಬೂಸ್ಟರ್ ಎಂದರೆ ರಂಜಕ ತುಂಬಿಸಿದ ಬಾಟಲಿ, ಇದು ಗಾಂಜಾಗೂ ಬೇಕಿಲ್ಲ. ಯೂಟಾ ಸ್ಟೇಟ್ ಯೂನಿವರ್ಸಿಟಿಯ ಬ್ರೂಸ್ ಬಗ್‌ಬೀ ತಂಡ ಇದನ್ನೇ ಪರೀಕ್ಷೆ ಮಾಡಿ, ರಂಜಕ ಜಾಸ್ತಿ ಕೊಟ್ಟರೆ ಇಳುವರಿ ಹೆಚ್ಚಲಿಲ್ಲ, ಕುಂಡದಿಂದ ಹೊರಗೆ ಹರಿದುಹೋಗೋ ನೀರಲ್ಲಿ ರಂಜಕ ಹೆಚ್ಚಿತು ಅಂತ ತೋರಿಸಿದೆ. ನನ್ನ ಬೂಸ್ಟರ್ ಬಾಟಲಿಯ ಸೀಲು ಇನ್ನೂ ಒಡೆದಿಲ್ಲ. ಟೊಮ್ಯಾಟೊಗೆ ಬೇಕಿರೋದು ಪೊಟ್ಯಾಷ್ ಮತ್ತು ಸುಣ್ಣದ ಅಂಶ (ಕ್ಯಾಲ್ಸಿಯಂ). ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಸುಣ್ಣದ ಅಂಶ ಕಾಯಿಗೆ ಮುಟ್ಟುತ್ತಿಲ್ಲ ಅಂತ. ಹೆಚ್ಚಿನ ಸಲ ಇದಕ್ಕೆ ಕಾರಣ ಗೊಬ್ಬರ ಅಲ್ಲ, ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸೋ ನೀರಿನ ಕ್ರಮ. ಬಟ್ಟೆ ಕುಂಡ ಬೇಗ ಒಣಗುತ್ತದೆ, ಅದಕ್ಕೆ ಎತ್ತಿ ತೂಕ ನೋಡಿ ನೀರು ಹಾಕೋ ಅಭ್ಯಾಸ ಒಳ್ಳೆಯದು.

ಕೊನೆಯ ಎರಡು ವಾರ ‘ಬರೀ ನೀರು’ ಅಂತಾರಲ್ಲ, ಅದು ಇಡೀ ಗಿಡವನ್ನು ಒಂದೇ ಸಲ ಕೊಯ್ಯೋರ ಪದ್ಧತಿ. ಮೆಣಸು ಒಂದು ಕಡೆ ಕಾಯಿ, ಇನ್ನೊಂದು ಕಡೆ ಹೂ, ಮೇಲೆ ಚಿಗುರು ಎಲ್ಲಾ ಒಟ್ಟಿಗೆ ಹೊತ್ತು ನಿಲ್ಲೋ ಗಿಡ. ಆಗ ಗೊಬ್ಬರ ನಿಲ್ಲಿಸಿದರೆ ಕೆಳಗಿನ ಎಲೆ ಹಳದಿಯಾಗಲು ಜಾಸ್ತಿ ದಿನ ಬೇಡ. ಚಾರ್ಟಿನ ಕೊನೆಯ ಚೌಕದಲ್ಲಿ ಕತ್ತರಿಯ ಚಿತ್ರ ಇದೆ. ಆ ಹೊತ್ತಿಗೆ ಮೆಣಸಿನ ಗಿಡದಲ್ಲಿ ಮೊದಲ ಕಾಯಿಗಳು ಇನ್ನೂ ಹಸಿರು. ನೋಡಿಕೊಂಡರೆ ಅದು ವರ್ಷಗಟ್ಟಲೆ ಬದುಕುತ್ತದೆ.

ಹುಳದ ಬಗ್ಗೆ ಚಾರ್ಟಿನಲ್ಲಿ ಒಂದಕ್ಷರ ಇಲ್ಲ. ಒಣ ಬಿಸಿ ಗಾಳಿಗೆ ಕೆಂಪು ನುಸಿ ಬರುತ್ತದೆ, ಎಲೆಯ ಅಡಿಭಾಗ ನೋಡುತ್ತಿರಿ. ಮಣ್ಣು ಸದಾ ಒದ್ದೆ ಇದ್ದರೆ ಸಣ್ಣ ಕಪ್ಪು ನೊಣ ಏಳುತ್ತವೆ, ಹಳದಿ ಅಂಟುಹಾಳೆ ತೂಗುಹಾಕಿ, ಮೇಲ್ಮಣ್ಣು ಒಣಗಲು ಬಿಡಿ.

ಕರೆಂಟ್ ಲೆಕ್ಕ: ನೂರು ವಾಟ್ ಲೈಟ್ 16 ಗಂಟೆಗೆ 1.6 ಯೂನಿಟ್, ಫ್ಯಾನ್ ಇಡೀ ದಿನ ಓಡಿ ಸುಮಾರು ಅರ್ಧ ಯೂನಿಟ್. ತಿಂಗಳಿಗೆ ಅರವತ್ತರ ಮೇಲೆ. ಟೊಮ್ಯಾಟೊ ಉಳಿತಾಯ ಆಗುತ್ತೆ ಅಂತ ಇದನ್ನು ಕೊಳ್ಳಬೇಡಿ, ಆಗೋದಿಲ್ಲ. ಬಿಸಿಲು ಬೀಳೋ ಬಾಲ್ಕನಿ ಇದ್ದರೂ ಬೇಡ. ಬಿಸಿಲೇ ಬಾರದ ಮನೆಯಲ್ಲಿದ್ದು ಕಣ್ಣೆದುರು ಒಂದು ಗಿಡ ಕಾಯಿ ಹಿಡಿಯೋದು ನೋಡಬೇಕು ಅನ್ನೋರಿಗೆ ಇದು ಒಳ್ಳೆಯದು.

ಲೈಟಿಗೆ 4, ಟೆಂಟಿಗೆ 3, ಫ್ಯಾನಿಗೆ 3, ಚಾರ್ಟಿಗೆ ಸೊನ್ನೆ. ‘ಮೆಣಸಿಗೆ ಬೇರೆ ಚಾರ್ಟ್ ಇದೆಯಾ’ ಅಂತ ಗ್ರಾಹಕ ಸೇವೆಯವರಿಗೆ ಬರೆದು ಕೇಳಿದ್ದೆ. ಮರುದಿನವೇ ಉತ್ತರ ಬಂತು, ಅದೇ ಚಾರ್ಟನ್ನು ಇನ್ನೂ ದೊಡ್ಡ ಅಳತೆಯಲ್ಲಿ ಕಳಿಸಿದ್ದಾರೆ.